ಡೀಲರೋ, ವಿಮಾನ ತಯಾರಕರೋ: ಬೆಳಗಾವಿಯ ನ್ಯಾವಿಗೇಶನ್ ಎಲೆಕ್ಟ್ರಾನಿಕ್ಸ್ ಘಟಕಕ್ಕೆ ಯಾವ ದಾರಿ?

ಮಾಲು ಮಾರುವ ಪಾಠವನ್ನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಹೈಡ್ರಾಲಿಕ್ ವಾಲ್ವ್, ಪಂಪ್, ಎರಕದ ಮಾಲು ದಶಕಗಳಿಂದ ಎರಡು ದಾರಿ ಹಿಡಿದು ಹೋಗುತ್ತಿದೆ. ಒಂದಿಷ್ಟು ದೇಶದ ತುಂಬ ಇರುವ ಡೀಲರ್‌ಗಳಿಗೆ, ಇನ್ನೊಂದಿಷ್ಟು ನೇರವಾಗಿ ಯಂತ್ರ ತಯಾರಿಸುವ ಕಂಪನಿಗಳಿಗೆ. ಜಿಪಿಎಸ್ ರಿಸೀವರ್, ಆಂಟೆನಾ, ಕಾಕ್‌ಪಿಟ್ ಡಿಸ್‌ಪ್ಲೇ ಮಾಡಲು ಹೊರಟವರೂ ಅದೇ ಲೆಕ್ಕ ಹಾಕುತ್ತಾರೆ. ಡೀಲರ್‌ಗೆ ಕೊಟ್ಟರೆ ಮಾರ್ಜಿನ್ ಎಷ್ಟು ಹೋಗುತ್ತದೆ? ಕಂಪನಿಗೆ ಕೊಟ್ಟರೆ ರೇಟ್ ಎಷ್ಟು ಇಳಿಸಬೇಕು?

ವಿಮಾನದ ವ್ಯವಹಾರದಲ್ಲಿ ಆ ಲೆಕ್ಕ ಆಮೇಲಿನದು. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ನಿಮ್ಮ ಉಪಕರಣವನ್ನು ವಿಮಾನದೊಳಗೆ ಕೂರಿಸುವ ಅನುಮತಿ ಯಾರು ತರುತ್ತಾರೆ, ಅದರ ಖರ್ಚು ಯಾರ ತಲೆ ಮೇಲೆ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ತೀರ್ಮಾನ ಆದ ಹಾಗೆಯೇ.

ಕಾಗದ ಒಂದಲ್ಲ, ಎರಡು

ಪಂಪಿಗೆ ಐಎಸ್‌ಐ ಗುರುತು ಸಿಕ್ಕರೆ ಅಂಗಡಿಯಲ್ಲಿ ಇಡಬಹುದು. ರೈತ ಒಯ್ದು ಯಾವ ಬಾವಿಗೆ ಇಳಿಸಿದರೂ ಕೇಳುವವರಿಲ್ಲ. ವಿಮಾನದ ಉಪಕರಣಕ್ಕೆ ಆ ಸ್ವಾತಂತ್ರ್ಯ ಇಲ್ಲ.

ಮೊದಲ ಕಾಗದ ಉಪಕರಣದ್ದು. ಉಪಕರಣ ಮಾನದಂಡ ಮುಟ್ಟಿದೆ ಎಂಬ ಈ ಒಪ್ಪಿಗೆಗೆ ಅಮೆರಿಕದವರು ಟಿಎಸ್‌ಓ ಅನ್ನುತ್ತಾರೆ, ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಡುವುದು ಐಟಿಎಸ್‌ಓ. ನಮ್ಮ ಗಗನ್‌ನಂಥ ಉಪಗ್ರಹ ವ್ಯವಸ್ಥೆಯ ತಿದ್ದುಪಡಿ ಸಿಗ್ನಲ್ ಬಳಸುವ ಜಿಪಿಎಸ್ ರಿಸೀವರ್‌ಗೆ ಟಿಎಸ್‌ಓ-ಸಿ145, ಸಿ146 ಎಂಬ ಮಾನದಂಡಗಳಿವೆ. ಅವನ್ನು ಮುಟ್ಟಬೇಕಾದರೆ ಸಾಫ್ಟ್‌ವೇರ್ ಡಿಓ-178ಸಿ ಪ್ರಕಾರ ಇರಬೇಕು, ಎಲೆಕ್ಟ್ರಾನಿಕ್ ಹಾರ್ಡ್‌ವೇರ್ ಡಿಓ-254 ಪ್ರಕಾರ ಇರಬೇಕು. ಬಿಸಿ, ಚಳಿ, ಎತ್ತರ, ಕಂಪನ, ತೇವ, ಸಿಡಿಲು, ರೇಡಿಯೋ ಅಡಚಣೆ ಎಲ್ಲದರ ಪರೀಕ್ಷೆ ಡಿಓ-160ಜಿ ಹೇಳಿದಂತೆ ಆಗಬೇಕು. ಸಾಫ್ಟ್‌ವೇರ್‌ಗೆ ಎ ಯಿಂದ ಇ ವರೆಗೆ ಐದು ಹಂತ. ಎ ಅತಿ ಕಟ್ಟುನಿಟ್ಟು. ರನ್‌ವೇಗೆ ಇಳಿಯುವಾಗ ದಾರಿ ತೋರಿಸುವ ರಿಸೀವರ್ ಅಂದರೆ ಬಿ ಅಥವಾ ಸಿ ಹಂತ ಅಂತ ಇಟ್ಟುಕೊಳ್ಳಿ. ಒಂದು ಹಂತ ಮೇಲೇರಿದರೂ ಕೆಲಸ ಜಾಸ್ತಿಯಾಗುತ್ತದೆ. ಇದರಲ್ಲಿ ಕೋಡ್ ಬರೆಯುವುದು ಸಣ್ಣ ಪಾಲು. ಪ್ರತಿ ಸಾಲು ಯಾವ ಅಗತ್ಯಕ್ಕಾಗಿ ಬಂತು, ಅದನ್ನು ಹೇಗೆ ಪರೀಕ್ಷಿಸಿದಿರಿ ಎಂದು ತೋರಿಸುವುದರಲ್ಲೇ ರೊಕ್ಕ ಖರ್ಚಾಗುತ್ತದೆ.

ಎರಡನೆಯ ಕಾಗದ ಕೂರಿಸುವುದರದ್ದು. ಟಿಎಸ್‌ಓ ಬಂತು ಅಂದರೆ ಉಪಕರಣ ಸರಿಯಾಗಿದೆ ಅಂತ ಅಷ್ಟೇ ಅರ್ಥ. ಅದನ್ನು ಸೆಸ್ನಾ 172ರಲ್ಲೋ ಡೈಮಂಡ್ ಡಿಎ40ರಲ್ಲೋ ಹಾಕಲು ಬೇರೆ ಅನುಮತಿ ಬೇಕು. ತಂತಿ ಎಲ್ಲಿ ಹಾಯುತ್ತದೆ, ಆಂಟೆನಾಗೆ ಮೈಮೇಲೆ ತೂತು ಎಲ್ಲಿ ಕೊರೆಯುತ್ತೀರಿ, ಆಟೋಪೈಲಟ್‌ಗೆ ಹೇಗೆ ಜೋಡಿಸುತ್ತೀರಿ, ಜನರೇಟರ್ ಕೆಟ್ಟರೆ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ. ಈ ಎಲ್ಲಕ್ಕೂ ಉತ್ತರ ಕೊಟ್ಟು ತರುವ ಪತ್ರಕ್ಕೆ ಎಸ್‌ಟಿಸಿ ಅನ್ನುತ್ತಾರೆ. ಮಾಡೆಲ್ ಬದಲಾದರೆ ಮತ್ತೆ ಅದೇ ಕಥೆ. ದೊಡ್ಡ ಕಂಪನಿಗಳು ಒಂದೇ ಎಸ್‌ಟಿಸಿಯಲ್ಲಿ ನೂರಾರು ಮಾಡೆಲ್‌ಗಳ ಪಟ್ಟಿ ಸೇರಿಸಿ ತರುತ್ತವೆ. ಡೀಲರ್‌ಗಳು ವಿಮಾನದ ಎಲೆಕ್ಟ್ರಾನಿಕ್ಸ್ ಮಾಡುವ ಅಮೆರಿಕದ ಗಾರ್ಮಿನ್‌ನಂಥವರ ಮಾಲನ್ನು ಕಣ್ಣುಮುಚ್ಚಿ ಎತ್ತುವುದಕ್ಕೆ ಅದೂ ಒಂದು ಕಾರಣ. ಕೂರಿಸುವ ಕಾಗದ ಅವರಿಗೆ ಮೊದಲೇ ಸಿದ್ಧವಾಗಿ ಸಿಗುತ್ತದೆ.

ವಿಮಾನ ತಯಾರಕರಿಗೆ ಕೊಟ್ಟಾಗ ಈ ಎರಡನೆಯ ಕಾಗದ ಆ ಮಾಡೆಲ್‌ನ ವಿನ್ಯಾಸಕ್ಕೆ ಅವರು ಪಡೆಯುವ ಟೈಪ್ ಸರ್ಟಿಫಿಕೇಟ್‌ನೊಳಗೇ ಸೇರಿಹೋಗುತ್ತದೆ. ಡೀಲರ್ ಮೂಲಕ ಹೋದರೆ ಅದನ್ನು ನೀವು ತರಬೇಕು, ಇಲ್ಲವೇ ಡೀಲರ್ ತರಬೇಕು. ಡೀಲರ್ ಹೆಸರಲ್ಲಿ ಬಂದರೆ ಅದು ಅವನ ಆಸ್ತಿ. ಅವನ ಜೊತೆ ಜಗಳವಾದ ದಿನ ನಿಮ್ಮ ಮಾಲು ಇರುತ್ತದೆ, ಕೂರಿಸುವ ಹಕ್ಕು ಇರುವುದಿಲ್ಲ. ಎಸ್‌ಟಿಸಿ ಖರ್ಚು ಉಳಿಸಲು ಅದನ್ನು ಡೀಲರ್‌ಗೆ ಬಿಟ್ಟುಕೊಡಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಡೀಲರ್ ಅಂದರೆ ಇಲ್ಲಿ ವರ್ಕ್‌ಶಾಪ್

ನಮ್ಮ ಪಂಪ್ ಡೀಲರ್ ಮಾಲು ಇಟ್ಟುಕೊಂಡು ಮಾರುತ್ತಾನೆ. ಏವಿಯಾನಿಕ್ಸ್, ಅಂದರೆ ವಿಮಾನದ ಎಲೆಕ್ಟ್ರಾನಿಕ್ಸ್ ಡೀಲರ್ ಮಾರಿ, ಬಿಚ್ಚಿ, ಕೂರಿಸಿ, ಪರೀಕ್ಷಿಸಿ, ಸಹಿ ಹಾಕಿ ಕೊಡುತ್ತಾನೆ. ಅಮೆರಿಕದಲ್ಲಿ ಇಂಥ ವರ್ಕ್‌ಶಾಪ್‌ಗಳು ಎಷ್ಟು ಹಳೆಯವು ಅಂದರೆ, ಏರ್‌ಕ್ರಾಫ್ಟ್ ಎಲೆಕ್ಟ್ರಾನಿಕ್ಸ್ ಅಸೋಸಿಯೇಶನ್ ಎಂಬ ಅವರ ಸಂಘ ಹುಟ್ಟಿದ್ದೇ 1957ರಲ್ಲಿ. ಭಾರತದಲ್ಲಿ ಈ ಕೆಲಸ ಮಾಡಲು ದುರಸ್ತಿ ಸಂಸ್ಥೆಗಳಿಗೆ ಡಿಜಿಸಿಎ ಕೊಡುವ ಸಿಎಆರ್-145 ಮಾನ್ಯತೆ ಬೇಕು. ಹಾಗಾಗಿ ಇಲ್ಲಿ ಡೀಲರ್ ಹುಡುಕುವುದು ಅಂದರೆ ಸಿಎಆರ್-145 ಸಂಸ್ಥೆಗಳ ಪಟ್ಟಿ ಹಿಡಿದು, ಅದರಲ್ಲಿ ಯಾರಿಗೆ ಏವಿಯಾನಿಕ್ಸ್ ಕೆಲಸದ ಅನುಮತಿ ಇದೆ ಎಂದು ನೋಡುವುದು. ಆ ಪಟ್ಟಿ ಉದ್ದವೇನಿಲ್ಲ.

ಡೀಲರ್ ದಾರಿಯ ದೊಡ್ಡ ಬಲ ಹಳೆಯ ವಿಮಾನಗಳು. ವಿಮಾನ ಮೂವತ್ತು ನಲವತ್ತು ವರ್ಷ ಹಾರುತ್ತದೆ, ಅದರೊಳಗಿನ ಎಲೆಕ್ಟ್ರಾನಿಕ್ಸ್ ಅಷ್ಟು ಬಾಳುವುದಿಲ್ಲ. ಸರಕಾರ ಹೊಸ ನಿಯಮ ತಂದಾಗಲಂತೂ ಡೀಲರ್‌ಗಳಿಗೆ ಸುಗ್ಗಿ. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 2010ರಲ್ಲಿ ಎಡಿಎಸ್-ಬಿ ನಿಯಮ ಹೊರಡಿಸಿತು. ನಿಯಂತ್ರಿತ ವಾಯುಪ್ರದೇಶದ ಬಹುಭಾಗದಲ್ಲಿ ಹಾರುವ ವಿಮಾನಗಳು 2020ರ ಜನವರಿ 1ರೊಳಗೆ ತಮ್ಮ ಸ್ಥಾನವನ್ನು ತಾವೇ ಸಾರುವ ಉಪಕರಣ ಹಾಕಿಸಿಕೊಳ್ಳಬೇಕಿತ್ತು. ಹತ್ತು ವರ್ಷ ಗಡುವು ಇದ್ದರೂ ಕೊನೆಗೆ ಬಂದು ಸಾಲು ನಿಂತವರೇ ಹೆಚ್ಚು. ಆ ಹೊತ್ತಿಗೆ ಮಾಲು, ಎಸ್‌ಟಿಸಿ, ಕಲಿತ ಡೀಲರ್ ಮೂರೂ ಇದ್ದವರು ಗೆದ್ದರು.

ನಮ್ಮಲ್ಲಿ ಹಾಗೆ ಕಾದು ನೋಡಬೇಕಾದ ವಿಷಯ ಗಗನ್. ವಿಮಾನ ನಿಲ್ದಾಣ ಪ್ರಾಧಿಕಾರ ಮತ್ತು ಇಸ್ರೋ ಸೇರಿ ಕಟ್ಟಿದ ಈ ವ್ಯವಸ್ಥೆ ಜಿಪಿಎಸ್ ತಪ್ಪನ್ನು ತಿದ್ದಿ ಉಪಗ್ರಹದ ಮೂಲಕ ಕಳಿಸುತ್ತದೆ. ಮಾರ್ಗದಲ್ಲಿ ಹಾರಲು 2013ರ ಕೊನೆಗೆ, ಎತ್ತರದ ಮಾರ್ಗದರ್ಶನದೊಂದಿಗೆ ಇಳಿಯಲು 2015ರ ಏಪ್ರಿಲ್‌ನಲ್ಲಿ ಡಿಜಿಸಿಎ ಪ್ರಮಾಣಪತ್ರ ಕೊಟ್ಟಿತು. 2022ರ ಏಪ್ರಿಲ್‌ನಲ್ಲಿ ಇಂಡಿಗೋದ ಎಟಿಆರ್ ವಿಮಾನ ರಾಜಸ್ಥಾನದ ಕಿಶನ್‌ಗಢದಲ್ಲಿ ಗಗನ್ ನೆರವಿನಿಂದ ಇಳಿಯಿತು. ಇಳಿಯಲು ದಾರಿ ತೋರಿಸುವ ನೆಲದ ರೇಡಿಯೋ ವ್ಯವಸ್ಥೆ, ಐಎಲ್‌ಎಸ್, ಇಲ್ಲದ ಸಣ್ಣ ನಿಲ್ದಾಣಗಳಿಗೆ ಇದು ಭಾಳ ಉಪಯೋಗದ್ದು. ಇನ್ನೊಂದು ತಾಂತ್ರಿಕ ವಿಷಯವೂ ಇದೆ. ನಾವಿರುವುದು ಭೂಕಾಂತ ಸಮಭಾಜಕದ ಹತ್ತಿರ. ಇಲ್ಲಿನ ಅಯಾನುಗೋಳ ಸೂರ್ಯ ಮುಳುಗಿದ ಮೇಲೆ ಉಪಗ್ರಹ ಸಿಗ್ನಲ್ಲನ್ನು ಕದಡುವುದು ಜಾಸ್ತಿ. ಯುರೋಪಿನಲ್ಲಿ ಪರೀಕ್ಷೆಯಾದ ರಿಸೀವರ್ ಇಲ್ಲಿನ ರಾತ್ರಿಯನ್ನು ಕಂಡಿರುವುದಿಲ್ಲ. ಇಲ್ಲೇ ತಿಂಗಳುಗಟ್ಟಲೆ ದಾಖಲಿಸಿದ ಡೇಟಾ ನಿಮ್ಮ ಕೈಯಲ್ಲಿದ್ದರೆ, ಡೀಲರ್‌ಗೆ ತೋರಿಸಲು ಅದಕ್ಕಿಂತ ಒಳ್ಳೆಯ ಬ್ರೋಷರ್ ಬೇಡ.

ಈಗ ಕಷ್ಟದ ಮಾತು. ಡೀಲರ್ ಕೇಳುವುದು ಬರೀ ಮಾರ್ಜಿನ್ ಅಲ್ಲ. ಡೆಮೋ ಮಾಡಲು ಒಂದು ಸೆಟ್ ಬೇಕು. ಅವನ ಟೆಕ್ನೀಶಿಯನ್‌ಗಳಿಗೆ ತರಬೇತಿ ಬೇಕು. ವಾರಂಟಿಯಲ್ಲಿ ಬಿಚ್ಚಿ ಹಾಕಿದ ಕೂಲಿಯನ್ನೂ ನೀವೇ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಬದಲಿ ಉಪಕರಣ ಬೇಕು. ತರಬೇತಿ ಶಾಲೆಯ ವಿಮಾನ ನೆಲಕ್ಕೆ ನಿಂತರೆ ಗಂಟೆಗಳ ಲೆಕ್ಕದಲ್ಲಿ ಆದಾಯ ಹೋಗುತ್ತದೆ. ಕೆಟ್ಟ ಡಬ್ಬಿ ಬೆಳಗಾವಿಗೆ ಬಂದು ರಿಪೇರಿಯಾಗಿ ಹೋಗುವವರೆಗೆ ಯಾರೂ ಕಾಯುವುದಿಲ್ಲ. ಪ್ರತಿ ಡೀಲರ್ ಬಳಿ ಒಂದೆರಡು ಹೆಚ್ಚುವರಿ ಸೆಟ್ ಇಡಲೇಬೇಕು. ಅದೆಲ್ಲ ನಿಮ್ಮ ಬಂಡವಾಳ, ಅವನ ಕಪಾಟಿನಲ್ಲಿ. ರಿಪೇರಿಯಾಗಿ ಹೊರಡುವ ಪ್ರತಿ ಸೆಟ್ಟಿನ ಜೊತೆ ಅದು ಬಳಕೆಗೆ ಯೋಗ್ಯ ಎಂಬ ಪತ್ರ, ಸಿಎ ಫಾರ್ಮ್ 1, ಹೋಗಬೇಕು. ಅದಕ್ಕೆ ಸಹಿ ಹಾಕುವ ಅಧಿಕಾರ ಮಾನ್ಯತೆ ಪಡೆದ ಸಂಸ್ಥೆಗೆ ಮಾತ್ರ. ಇದರ ಮೇಲೆ ಉದ್ರಿ ಬೇರೆ.

ತಯಾರಕರ ದಾರಿ

ವಿಮಾನ ತಯಾರಕರ ಜೊತೆ ವ್ಯವಹಾರ ಕುದುರಿದರೆ ಆಗುವ ಲಾಭ ಮೇಲೆಯೇ ಹೇಳಿದೆ. ಕೂರಿಸುವ ಕಾಗದ ಅವರದು. ಜೊತೆಗೆ ಆರ್ಡರ್ ಮೊದಲೇ ಗೊತ್ತಿರುತ್ತದೆ, ಒಂದೇ ಕಡೆ ಡೆಲಿವರಿ, ಒಬ್ಬನೇ ಗಿರಾಕಿ. ಆ ವಿಮಾನದಲ್ಲಿ ಕಲಿತ ಪೈಲಟ್ ಮುಂದೆ ಅದೇ ಉಪಕರಣ ಕೇಳುತ್ತಾನೆ.

ಆದರೆ ಇತಿಹಾಸ ಸ್ವಲ್ಪ ನೋಡಿ. 1959ರಲ್ಲಿ ಎಡ್ ಕಿಂಗ್ ಅಮೆರಿಕದ ಕಾನ್ಸಾಸ್‌ನಲ್ಲಿ ಕಿಂಗ್ ರೇಡಿಯೋ ಶುರು ಮಾಡಿದರು. ಅದೇ ವರ್ಷ ಅದೇ ರಾಜ್ಯದ ಸೆಸ್ನಾ, ಏರ್‌ಕ್ರಾಫ್ಟ್ ರೇಡಿಯೋ ಕಾರ್ಪೊರೇಶನ್ ಎಂಬ ಕಂಪನಿಯನ್ನೇ ಕೊಂಡುಕೊಂಡು ತನ್ನ ವಿಮಾನಗಳಿಗೆ ತನ್ನದೇ ರೇಡಿಯೋ ಕೊಡತೊಡಗಿತು. ಗಿರಾಕಿಯೇ ಪೈಪೋಟಿಗೆ ನಿಂತ ಹಾಗಾಯಿತು, ಅಲ್ವಾ? ಆದರೂ ಕಿಂಗ್ ಸಣ್ಣ ವಿಮಾನಗಳ ರೇಡಿಯೋದಲ್ಲಿ ದೊಡ್ಡ ಹೆಸರಾಯಿತು. ಅಲ್ಲಿ ದುಡಿದಿದ್ದ ಗ್ಯಾರಿ ಬರೆಲ್ ಮತ್ತು ಮಿನ್ ಕಾವ್ ಮುಂದೆ 1989ರಲ್ಲಿ ಗಾರ್ಮಿನ್ ಕಟ್ಟಿದರು.

ಎರಡನೆಯ ಘಟನೆ ಇನ್ನೂ ಕಠಿಣ. ಅಮೆರಿಕದಲ್ಲಿ 1978ರಲ್ಲಿ ಸುಮಾರು 17,800 ಜನರಲ್ ಏವಿಯೇಶನ್ ವಿಮಾನಗಳು, ಅಂದರೆ ಏರ್‌ಲೈನ್ ಮತ್ತು ಸೇನೆಯವಲ್ಲದ ವಿಮಾನಗಳು, ತಯಾರಾಗಿದ್ದವು. 1994ರ ಹೊತ್ತಿಗೆ ಆ ಸಂಖ್ಯೆ ಸಾವಿರಕ್ಕಿಂತ ಕೆಳಗೆ ಬಂತು. ಕೋರ್ಟು ಕೇಸುಗಳು, ವಿಮೆಯ ಖರ್ಚು ಏರಿದವು. ಸೆಸ್ನಾ 1986ರಲ್ಲಿ ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನ ಮಾಡುವುದನ್ನೇ ನಿಲ್ಲಿಸಿ, ಹಳೆಯ ವಿಮಾನಗಳ ಬಗ್ಗೆ ತಯಾರಕರ ಹೊಣೆಗೆ ಮಿತಿ ಹಾಕಿದ 1994ರ ಹೊಸ ಕಾಯಿದೆ ಬಂದ ಮೇಲೆ ಮತ್ತೆ ಶುರು ಮಾಡಿತು. ಆ ವರ್ಷಗಳಲ್ಲಿ ಬರೀ ಕಾರ್ಖಾನೆಗೆ ಮಾಲು ಕೊಡುವವನ ಸ್ಥಿತಿ ಊಹಿಸಿಕೊಳ್ಳಿ. ಡೀಲರ್‌ಗಳಿಗೆ ಮಾತ್ರ ಹಾರುತ್ತಿದ್ದ ಹಳೆಯ ವಿಮಾನಗಳು ಇದ್ದೇ ಇದ್ದವು.

ಮೂರನೆಯದು ಇತ್ತೀಚಿನದು. ಎಕ್ಲಿಪ್ಸ್ ಎಂಬ ಕಂಪನಿ ಸಣ್ಣ ಜೆಟ್‌ಗಳನ್ನು ಸಾವಿರಗಟ್ಟಲೆ ಮಾರುವ ಕನಸು ಕಂಡಿತ್ತು. ಕಾಕ್‌ಪಿಟ್ ವ್ಯವಸ್ಥೆಗೆ ಅವಿಡೈನ್ ಜೊತೆ ಒಪ್ಪಂದವಾಗಿತ್ತು. 2007ರಲ್ಲಿ ಆ ಒಪ್ಪಂದ ಮುರಿಯಿತು. 2008ರ ನವೆಂಬರ್‌ನಲ್ಲಿ ಎಕ್ಲಿಪ್ಸ್ ದಿವಾಳಿ ಅರ್ಜಿ ಹಾಕಿತು. ಹೊಸ ವಿಮಾನ ಕಂಪನಿ ಕೊಡುವ ಆರ್ಡರ್ ಅಂದಾಜಿನ ಮೇಲೆ ಮಷಿನ್ ಕೊಳ್ಳುವ ಮೊದಲು ಇದು ನೆನಪಿರಲಿ.

ತಯಾರಕರ ಜೊತೆ ದಿನನಿತ್ಯದ ತೊಂದರೆ ಇನ್ನೊಂದು ಬಗೆಯದು. ಒಮ್ಮೆ ವಿನ್ಯಾಸ ಒಪ್ಪಿಗೆಯಾದರೆ ಅದಕ್ಕೆ ಬೀಗ ಬಿದ್ದ ಹಾಗೆ. ಒಂದು ಕೆಪಾಸಿಟರ್ ಬದಲಿಸಿದರೂ ಪತ್ರ ಬರೆಯಬೇಕು, ಕಾರಣ ಕೊಡಬೇಕು, ಬೇಕಾದರೆ ಪರೀಕ್ಷೆ ಮತ್ತೆ ಮಾಡಬೇಕು. ಆದರೆ ಚಿಪ್ ತಯಾರಕರು ನಿಮ್ಮನ್ನು ಕೇಳಿ ಚಿಪ್ ನಿಲ್ಲಿಸುವುದಿಲ್ಲ. ಮೊಬೈಲ್‌ಗಾಗಿ ಮಾಡಿದ ಮೆಮೊರಿ ಚಿಪ್ ಕೆಲವೇ ವರ್ಷಕ್ಕೆ ಮಾರುಕಟ್ಟೆಯಿಂದ ಹೋಗುತ್ತದೆ. ವಿಮಾನಕ್ಕೆ ನೀವು ಇಪ್ಪತ್ತು ವರ್ಷ ಬಿಡಿಭಾಗ ಕೊಡುತ್ತೇನೆ ಅಂತ ಸಹಿ ಹಾಕಿರುತ್ತೀರಿ. ಆಗ ಉಳಿಯುವುದು ಎರಡೇ ದಾರಿ. ಕೊನೆಯ ಸಲ ರಾಶಿ ಕೊಂಡು ಕಪಾಟಿನಲ್ಲಿ ಇಡುವುದು, ಇಲ್ಲವೇ ಮರುವಿನ್ಯಾಸ ಮಾಡಿ ಮತ್ತೆ ಅನುಮತಿ ತರುವುದು. ಎರಡಕ್ಕೂ ರೊಕ್ಕ ಬೇಕು. ರೇಟ್ ಹೇಳುವಾಗ ಇದನ್ನು ಸೇರಿಸದ ಘಟಕಗಳೇ ಜಾಸ್ತಿ.

ಭಾರತದಲ್ಲಿ ತಯಾರಕರು ಅಂದರೆ ಯಾರು? ಸರಕಾರಿ ವಿಮಾನ ಕಂಪನಿ ಎಚ್‌ಎಎಲ್ ಮೊದಲು. ಬೆಂಗಳೂರಿನ ಜೊತೆಗೆ ಈಗ ತುಮಕೂರು ಜಿಲ್ಲೆಯ ಗುಬ್ಬಿಯಲ್ಲೂ ಅದರ ಹೆಲಿಕಾಪ್ಟರ್ ಕಾರ್ಖಾನೆ ಇದೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಬೆಳೆಸಿದ ಎರಡು ಸೀಟಿನ ಹಂಸ-ಎನ್‌ಜಿ 2021ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿತು. ಅದರ ಗುರಿ ತರಬೇತಿ ಶಾಲೆಗಳು. ಸೇನೆಯ ವಿಮಾನ, ಹೆಲಿಕಾಪ್ಟರ್‌ಗಾದರೆ ಡಿಜಿಸಿಎ ಜಾಗದಲ್ಲಿ ಸೇನಾ ವಿಮಾನಗಳಿಗೆ ಅನುಮತಿ ಕೊಡುವ ಸಂಸ್ಥೆ ಸೆಮಿಲಾಕ್ ಬರುತ್ತದೆ, ಅದರ ಕಚೇರಿಯೂ ಬೆಂಗಳೂರೇ. ಸೇನೆಯ ಬಾಗಿಲು ತಟ್ಟಲು ರಕ್ಷಣಾ ಹೊಸ ಶೋಧಗಳಿಗೆ ನೆರವು ಕೊಡುವ, 2018ರಲ್ಲಿ ಶುರುವಾದ ಐಡೆಕ್ಸ್ ಯೋಜನೆ ಇದೆ, ದೇಶೀಕರಣ ಆಗಬೇಕಾದ ಬಿಡಿಭಾಗಗಳ ಪಟ್ಟಿ ಇರುವ ಸೃಜನ್ ಪೋರ್ಟಲ್ ಇದೆ. ಸೃಜನ್‌ನಲ್ಲಿ ಸುಮ್ನೆ ಕೂತು ಹುಡುಕಿದರೂ ಯಾವ ಸಣ್ಣ ಭಾಗವನ್ನು ಹೊರಗಿಂದ ತರಿಸುತ್ತಿದ್ದಾರೆ ಎಂಬ ಅಂದಾಜು ಸಿಗುತ್ತದೆ.

ಡೀಲರ್ ದಾರಿಗೆ ಬಿದ್ದ ಗೋಡೆ

2004ರಲ್ಲಿ ಗಾರ್ಮಿನ್ ಜಿ1000 ಬಂತು. ಅದಕ್ಕೂ ಮೊದಲು ಪ್ಯಾನಲ್ ಅಂದರೆ ಬೇರೆ ಬೇರೆ ಡಬ್ಬಿಗಳ ಜೋಡಣೆ. 1998ರ ಜಿಎನ್‌ಎಸ್ 430 ತರಹದ ಜಿಪಿಎಸ್-ರೇಡಿಯೋ ಡಬ್ಬಿಯನ್ನು ಹಳೆಯ ವಿಮಾನದಲ್ಲೂ ಹಾಕಬಹುದಿತ್ತು, ಪಕ್ಕದಲ್ಲಿ ಬೇರೆ ಕಂಪನಿಯ ರೇಡಿಯೋ ಇಡಬಹುದಿತ್ತು. ಜಿ1000 ಇಡೀ ಪ್ಯಾನಲ್ಲನ್ನೇ ಒಂದು ವ್ಯವಸ್ಥೆ ಮಾಡಿತು. ವೇಗ, ಎತ್ತರ, ದಿಕ್ಕು, ಎಂಜಿನ್, ರೇಡಿಯೋ, ನಕ್ಷೆ ಎಲ್ಲ ಒಂದೇ ಕಂಪನಿಯ ಎರಡು ಪರದೆಗಳಲ್ಲಿ. ಇಂಥ ವಿಮಾನದಲ್ಲಿ ಹೊರಗಿನ ಸಣ್ಣ ಘಟಕದ ಒಂದು ರಿಸೀವರ್ ಮಾರಲು ಡೀಲರ್‌ಗೆ ಜಾಗವೇ ಉಳಿದಿಲ್ಲ.

ಹಾಗಾಗಿ ಡೀಲರ್ ಜಾಲ ಕಟ್ಟುವ ಮೊದಲು ನಿಮ್ಮ ಸುತ್ತಲಿನ ವಿಮಾನಗಳ ಪ್ಯಾನಲ್ ನೋಡಿ ಬನ್ನಿ. ವಿಮಾನ ನಿಲ್ದಾಣ ಪ್ರಾಧಿಕಾರ 2021ರಲ್ಲಿ ಐದು ನಿಲ್ದಾಣಗಳಲ್ಲಿ ಹಾರಾಟ ತರಬೇತಿ ಶಾಲೆಗಳಿಗೆ ಜಾಗ ಹಂಚಿತು. ಅದರಲ್ಲಿ ನಮ್ಮ ಬೆಳಗಾವಿಯೂ ಇದೆ, ಕಲಬುರಗಿಯೂ ಇದೆ. ಜಕ್ಕೂರಿನ ಸರಕಾರಿ ಶಾಲೆ ಭಾಳ ಹಳೆಯದು. ಎಷ್ಟು ವಿಮಾನಗಳಲ್ಲಿ ಬಿಡಿ ಡಬ್ಬಿ, ಎಷ್ಟರಲ್ಲಿ ಒಂದೇ ಕಂಪನಿಯ ಪ್ಯಾನಲ್, ಯಾವುದರ ಬಿಡಿಭಾಗ ಸಿಗದೆ ಒದ್ದಾಡುತ್ತಿದ್ದಾರೆ, ಇಷ್ಟನ್ನು ಮೆಂಟೆನೆನ್ಸ್ ಎಂಜಿನಿಯರ್‌ಗಳ ಜೊತೆ ಚಹಾ ಕುಡಿಯುತ್ತ ಕೇಳಿದರೆ ಸಾಕು. ಬೆಳಗಾವಿಯ ವಿಮಾನ ನಿಲ್ದಾಣ ಇರುವ ಸಾಂಬ್ರಾಗೆ ಹೋಗಿಬರಲು ಅರ್ಧ ದಿನ ಹಿಡಿಯುವುದಿಲ್ಲ.

ಮಾಲು ಒಂದೇ, ರೇಟ್ ಎರಡು

ಎರಡೂ ದಾರಿಯಲ್ಲಿ ಮಾರುತ್ತೇನೆ ಅನ್ನುವವರಿಗೆ ಬರುವ ತಲೆನೋವು ಇದು. ತಯಾರಕರಿಗೆ ಕೊಡುವ ರೇಟ್ ಯಾವಾಗಲೂ ಡೀಲರ್ ರೇಟಿಗಿಂತ ಕಡಿಮೆ. ತಯಾರಕರು ಬಿಡಿಭಾಗದ ಹೆಸರಲ್ಲಿ ಹೆಚ್ಚು ಸೆಟ್ ಎತ್ತಿ, ಅವನ್ನೇ ಮಾರುಕಟ್ಟೆಗೆ ಬಿಟ್ಟರೆ ಡೀಲರ್ ನಿಮ್ಮ ಮುಖ ನೋಡುವುದಿಲ್ಲ. ಇದಕ್ಕೆ ಮದ್ದು ಒಪ್ಪಂದದಲ್ಲೇ ಇರಬೇಕು. ಅವರ ರೇಟ್ ಹೊಸ ವಿಮಾನಕ್ಕೆ ಮಾತ್ರ, ಬಿಡಿಭಾಗದ ರೇಟ್ ಬೇರೆ. ಪಾರ್ಟ್ ನಂಬರ್ ಕೂಡ ಬೇರೆ ಇಡಿ. ವಾರಂಟಿ ಎಲ್ಲಿಂದ ಶುರು ಅಂತಲೂ ಬರೆಯಿರಿ. ತಯಾರಕರಿಗೆ ಅದು ವಿಮಾನ ಗಿರಾಕಿಯ ಕೈಸೇರಿದ ದಿನದಿಂದ ಬೇಕು, ನಿಮಗೆ ಮಾಲು ಗೇಟ್ ದಾಟಿದ ದಿನದಿಂದ ಬೇಕು. ನಡುವೆ ಒಂದು ವರ್ಷವೇ ಇರಬಹುದು.

ಯಾರೂ ಹೇಳದ ಎರಡು ಬಾಗಿಲು

ನನ್ನ ಕೇಳಿದರೆ ಬೆಳಗಾವಿಯ ಸಣ್ಣ ಘಟಕ ಮೊದಲು ನೋಡಬೇಕಾದ್ದು ಇವನ್ನೇ.

ಒಂದು, ಹ್ಯಾಂಗರ್‌ನಲ್ಲಿ ನೆಲದ ಮೇಲೆ ಬಳಸುವ ಪರೀಕ್ಷಾ ಉಪಕರಣ. ದಿಕ್ಕು ತೋರಿಸುವ ವಿಓಆರ್, ಐಎಲ್‌ಎಸ್, ರೇಡಾರ್‌ಗೆ ಉತ್ತರ ಕೊಡುವ ಟ್ರಾನ್ಸ್‌ಪಾಂಡರ್ ಇವನ್ನು ಪರೀಕ್ಷಿಸುವ ಸೆಟ್, ಆಂಟೆನಾ ಕೇಬಲ್ ಪರೀಕ್ಷಕ, ವೈರಿಂಗ್ ಹಾರ್ನೆಸ್ ಪರೀಕ್ಷೆಯ ಜಿಗ್. ಇವು ವಿಮಾನದಲ್ಲಿ ಹಾರುವುದಿಲ್ಲ, ಹಾಗಾಗಿ ಟಿಎಸ್‌ಓ ಬೇಡ, ಎಸ್‌ಟಿಸಿ ಬೇಡ. ಬೇಕಾದದ್ದು ನಂಬಬಹುದಾದ ಕ್ಯಾಲಿಬ್ರೇಶನ್. ರೇಡಿಯೋ ಸಿಗ್ನಲ್ ಹೊರಬಿಡುವ ಸೆಟ್ ಆದರೆ ರೇಡಿಯೋ ತರಂಗಗಳ ಪರವಾನಗಿ ನೋಡುವ ಕೇಂದ್ರದ ಡಬ್ಲ್ಯುಪಿಸಿ ಅನುಮತಿ ಕೂಡ. ಇದನ್ನು ಕೊಳ್ಳುವವರು ಅದೇ ಸಿಎಆರ್-145 ವರ್ಕ್‌ಶಾಪ್‌ಗಳು. ಇವತ್ತು ಗಿರಾಕಿಯಾಗಿ ಬಂದವನು ಎರಡು ವರ್ಷ ನಿಮ್ಮ ಸರ್ವಿಸ್ ನೋಡಿ, ಮುಂದೆ ಡೀಲರ್ ಆಗುತ್ತಾನೆ. ಇಷ್ಟು ಸೋವಿಯಲ್ಲಿ ಡೀಲರ್‌ನ ಗುಣ ತಿಳಿಯುವ ಅವಕಾಶ ಬೇರೆ ಕಡೆ ಸಿಗುವುದಿಲ್ಲ.

ಎರಡು, ಡ್ರೋನ್ ತಯಾರಕರು. 2021ರ ಆಗಸ್ಟ್‌ನ ಡ್ರೋನ್ ನಿಯಮಗಳು, 2022ರ ಫೆಬ್ರವರಿಯಲ್ಲಿ ಬಂದ ವಿದೇಶಿ ಡ್ರೋನ್ ಆಮದು ನಿಷೇಧ, ಆಮೇಲೆ 15,000 ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ನಮೋ ಡ್ರೋನ್ ದೀದಿ ಯೋಜನೆ, ಇವೆಲ್ಲ ಸೇರಿ ದೇಶದಲ್ಲಿ ಡ್ರೋನ್ ತಯಾರಕರ ಸಂಖ್ಯೆ ಬೆಳೆದಿದೆ. ಕಬ್ಬಿನ ಗದ್ದೆಯಲ್ಲಿ ಆಳೆತ್ತರ ಬೆಳೆದ ಮೇಲೆ ಔಷಧ ಹೊಡೆಯುವ ಕಷ್ಟ ಇಲ್ಲಿ ಯಾರಿಗೆ ಗೊತ್ತಿಲ್ಲ? ಡ್ರೋನಿಗೂ ಟೈಪ್ ಸರ್ಟಿಫಿಕೇಟ್ ಇದೆ. ಆದರೆ ಅದರ ಹೊರೆ ವಿಮಾನದ್ದಕ್ಕೆ ಹೋಲಿಸಿದರೆ ತೀರಾ ಹಗುರ. ಒಮ್ಮೆ ನಿಮ್ಮ ಜಿಎನ್‌ಎಸ್‌ಎಸ್ (ಉಪಗ್ರಹದಿಂದ ಸ್ಥಾನ ತಿಳಿಯುವ) ಮಾಡ್ಯೂಲ್ ಆ ವಿನ್ಯಾಸದಲ್ಲಿ ಸೇರಿದರೆ ಅವರು ಸುಲಭಕ್ಕೆ ಬದಲಿಸುವುದಿಲ್ಲ. ತೊಂದರೆ ಏನೆಂದರೆ ಆಮದು ನಿಷೇಧ ಇಡೀ ಡ್ರೋನಿಗೆ, ಬಿಡಿಭಾಗಕ್ಕೆ ಅಲ್ಲ. ಚೀನಾದ ಮಾಡ್ಯೂಲ್ ಜೊತೆ ಬರೀ ರೇಟಿನಲ್ಲಿ ಚೌಕಾಶಿಗೆ ಕೂತರೆ ಸೋಲು ಖಚಿತ. ಜಿಪಿಎಸ್‌ನಂಥ ನಮ್ಮದೇ ಉಪಗ್ರಹ ವ್ಯವಸ್ಥೆ ನಾವಿಕ್‌ನ ಬೆಂಬಲ, ಅಡಚಣೆ ತಡೆಯುವ ಶಕ್ತಿ, ಮರುದಿನವೇ ಬರುವ ಎಂಜಿನಿಯರ್, ಈ ಮೂರನ್ನು ಮುಂದಿಡಿ. ನಾವಿಕ್ ಮೊದಲು ಎಲ್5 ಮತ್ತು ಎಸ್ ಬ್ಯಾಂಡಿನಲ್ಲಿ ಮಾತ್ರ ಇತ್ತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಎಲ್1 ಸಿಗ್ನಲ್ ಕೂಡ ಬಂತು. ಇದರಿಂದ ಸಣ್ಣ, ಸೋವಿ ರಿಸೀವರ್ ಮಾಡುವುದು ಸುಲಭವಾಗುತ್ತದೆ. ಅಡಚಣೆಯ ವಿಷಯ ದೊಡ್ಡ ವಿಮಾನದವರಿಗೂ ಬಿಸಿ ಮುಟ್ಟಿಸಿದೆ. ಉಪಗ್ರಹ ಸಿಗ್ನಲ್‌ಗೆ ಆಗುವ ತಡೆ, ಮೋಸದ ಸಿಗ್ನಲ್ ಬಗ್ಗೆ ಡಿಜಿಸಿಎ 2023ರ ನವೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿತ್ತು.

ಊರಿನಲ್ಲಿ ಏನಿದೆ, ಏನಿಲ್ಲ

ಹೆದ್ದಾರಿ ಪಕ್ಕ ಹತ್ತರಗಿಯಲ್ಲಿ ಏರೋಸ್ಪೇಸ್ ಎಸ್‌ಇಝಡ್ ಇದೆ ಅಂದಮೇಲೆ ನಮಗೂ ವಿಮಾನ ಕಂಪನಿಯ ಆರ್ಡರ್ ಸುಲಭ ಎಂದು ಹಲವರು ಅಂದುಕೊಳ್ಳುತ್ತಾರೆ. ಅಲ್ಲಿನ ಮುಖ್ಯ ಕೆಲಸ ಲೋಹದ ಭಾಗಗಳದ್ದು. ಅವರ ಗಿರಾಕಿ ನಿಮ್ಮ ರಿಸೀವರ್ ಕೊಳ್ಳುವುದಿಲ್ಲ. ಆದರೆ ಪರೋಕ್ಷ ಲಾಭ ದೊಡ್ಡದು. ಏರೋಸ್ಪೇಸ್ ಗುಣಮಟ್ಟದ ಎಎಸ್9100 ಪದ್ಧತಿಯಲ್ಲಿ ಪಳಗಿದ ಕ್ವಾಲಿಟಿ ಎಂಜಿನಿಯರ್‌ಗಳು ಈ ಊರಲ್ಲೇ ಸಿಗುತ್ತಾರೆ. ಮೊದಲ ತುಣುಕಿನ ತಪಾಸಣೆ, ಅಂದರೆ ಎಎಸ್9102 ವರದಿ, ಹೇಗೆ ಬರೆಯಬೇಕೆಂದು ಅವರಿಗೆ ಗೊತ್ತು. ನಿಮ್ಮ ಅಲ್ಯೂಮಿನಿಯಂ ಡಬ್ಬಿಯ ಮಷಿನಿಂಗ್, ಮೇಲ್ಮೈ ಲೇಪನ ಇಲ್ಲೇ ಆಗುತ್ತದೆ. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಇಲ್ಲಿದೆ, ಎಂಜಿನಿಯರಿಂಗ್ ಕಾಲೇಜುಗಳಿವೆ. ರಾಜ್ಯದ 2022–27ರ ಏರೋಸ್ಪೇಸ್ ಮತ್ತು ರಕ್ಷಣಾ ನೀತಿಯಲ್ಲಿ ಬೆಳಗಾವಿಯ ಹೆಸರೂ ಇದೆ.

ಇಲ್ಲದ್ದು ಡಿಓ-178ಸಿ ಕಂಡ ಸಾಫ್ಟ್‌ವೇರ್ ಕೈಗಳು. ಅವರನ್ನು ಬೆಂಗಳೂರಿನಿಂದ ಕರೆತರುವುದಕ್ಕಿಂತ, ಆರಂಭದಲ್ಲಿ ಅಲ್ಲಿನ ಸಂಸ್ಥೆಗೆ ಆ ಭಾಗ ಒಪ್ಪಿಸಿ ನಿಮ್ಮ ಇಬ್ಬರು ಹುಡುಗರನ್ನು ಜೊತೆ ಕೂರಿಸುವುದು ವಾಸಿ. ಬೆಸುಗೆ ಕೆಲಸ ಮಾತ್ರ ಹೊರಗೆ ಕೊಡಬೇಡಿ. ಐಪಿಸಿ-ಎ-610 ಎಂಬ ಬೋರ್ಡ್ ಜೋಡಣೆ ಮಾನದಂಡದ ಅತಿ ಕಟ್ಟುನಿಟ್ಟಿನ 3ನೇ ದರ್ಜೆಯ ಬೋರ್ಡ್ ಮಾಡುವ ಕೈ ನಿಮ್ಮ ಶೆಡ್ಡಿನಲ್ಲೇ ಇದ್ದರೆ ತಯಾರಕರ ಆಡಿಟರ್ ಬಂದಾಗ ಮಾತು ಕಡಿಮೆ ಸಾಕು. 2025ರ ಆಗಸ್ಟ್‌ನಿಂದ ವಂದೇ ಭಾರತ್ ಇದೆ, ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನ ಬೆಂಗಳೂರು. ಎಚ್‌ಎಎಲ್ ಜೊತೆ ವ್ಯವಹಾರ ಮಾಡುವವರು ಅದರ ಪಾಸೇ ಮಾಡಿಸಿಕೊಳ್ಳಬೇಕೇನೋ, ಅಷ್ಟು ಓಡಾಟ ಇರುತ್ತದೆ.

ಹಾಗಾದರೆ ಯಾರಿಗೆ ಯಾವುದು

ನಿಮ್ಮ ಬಳಿ ಟಿಎಸ್‌ಓ ಆದ ಉಪಕರಣ ಈಗಾಗಲೇ ಇದೆ, ಆದರೆ ಎಸ್‌ಟಿಸಿ ಇಲ್ಲ ಅಂದರೆ ನೇರ ತಯಾರಕರ ಬಳಿ ಹೋಗಿ. ಹೊಸ ಮಾಡೆಲ್ ಇನ್ನೂ ವಿನ್ಯಾಸದ ಹಂತದಲ್ಲಿರುವಾಗಲೇ ಹೋಗಬೇಕು. ಸರ್ಟಿಫಿಕೇಟ್ ಆದಮೇಲೆ ಹೋದರೆ ಯಾರೂ ಬಾಗಿಲು ತೆರೆಯುವುದಿಲ್ಲ.

ಒಂದೇ ಮಾಡೆಲ್ ವಿಮಾನಕ್ಕೆ ಎಸ್‌ಟಿಸಿ ತಂದಿದ್ದೀರಿ, ಆ ಮಾಡೆಲ್ ದೇಶದ ತರಬೇತಿ ಶಾಲೆಗಳಲ್ಲಿ ಸಾಕಷ್ಟಿದೆ ಅಂದರೆ ಡೀಲರ್ ದಾರಿ. ಆಗಲೂ ಇಬ್ಬರೇ ಸಾಕು. ಒಬ್ಬ ಬೆಂಗಳೂರಿನ ಕಡೆ, ಒಬ್ಬ ಉತ್ತರ ಭಾರತದಲ್ಲಿ. ಹತ್ತು ಡೀಲರ್‌ಗಳಿಗೆ ಬದಲಿ ಸೆಟ್ ಇಡುವಷ್ಟು ಬಂಡವಾಳ ಸಣ್ಣ ಘಟಕಕ್ಕೆ ಇರುವುದಿಲ್ಲ. ಇಡೀ ದೇಶದ ಹಕ್ಕನ್ನು ಒಬ್ಬನಿಗೇ ಬರೆದುಕೊಡುವುದೂ ಬೇಡ. ಪ್ರದೇಶ ಕೊಡಿ, ಅವಧಿ ಹಾಕಿ, ವರ್ಷಕ್ಕೆ ಇಷ್ಟು ಸೆಟ್ ಎತ್ತಲೇಬೇಕು ಅಂತ ಬರೆಸಿ.

ಇನ್ನೂ ಏನೂ ಇಲ್ಲ, ಬೋರ್ಡ್ ಮಾಡುವ ಕೈ ಮಾತ್ರ ಇದೆ ಅಂದರೆ ಪರೀಕ್ಷಾ ಉಪಕರಣ ಮತ್ತು ಡ್ರೋನ್. ಅದರಿಂದ ಬಂದ ರೊಕ್ಕದಲ್ಲಿ ಟಿಎಸ್‌ಓ ಕೆಲಸ ನಿಧಾನವಾಗಿ ನಡೆಯಲಿ. ಸಾಲ ಮಾಡಿ ಟಿಎಸ್‌ಓ ಶುರು ಮಾಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಬ್ಯಾಂಕಿನ ಕಂತು ತಿಂಗಳಿಗೊಮ್ಮೆ ಬರುತ್ತದೆ, ಸರ್ಟಿಫಿಕೇಟ್‌ಗೆ ತಾರೀಖೇ ಇರುವುದಿಲ್ಲ.

ವಿದೇಶದ ಡೀಲರ್‌ಗಳ ಆಸೆ ಇದ್ದರೆ ಎರಡು ಮಾತು. ಅವರು ಮೊದಲು ಕೇಳುವುದು ಉತ್ಪನ್ನ ಹೊಣೆಯ ವಿಮೆ. ಅದರ ಕಂತು ತಿಳಿಯದೆ ರೇಟ್ ಹೇಳಬೇಡಿ. ಮತ್ತೆ, ವಿದೇಶ ವ್ಯಾಪಾರ ನೋಡುವ ನಮ್ಮ ಡಿಜಿಎಫ್‌ಟಿಯ ಸ್ಕಾಮೆಟ್ ಎಂಬ ರಫ್ತು ನಿಯಂತ್ರಣ ಪಟ್ಟಿಯಲ್ಲಿ ನ್ಯಾವಿಗೇಶನ್ ಮತ್ತು ಏವಿಯಾನಿಕ್ಸ್‌ಗೂ ಜಾಗ ಇದೆ. ನಿಮ್ಮ ಮಾಲು ಆ ಮಿತಿಯೊಳಗೆ ಬಂದರೆ ಲೈಸೆನ್ಸ್ ಇಲ್ಲದೆ ಒಂದು ಸ್ಯಾಂಪಲ್ ಕೂಡ ಕಳಿಸುವಂತಿಲ್ಲ.

ವಸೂಲಿಯ ವಿಷಯ. ಉದ್ಯಮ್ ನೋಂದಣಿ ಇರುವ ಸಣ್ಣ ಘಟಕಕ್ಕೆ 2006ರ ಎಂಎಸ್‌ಎಂಇ ಕಾಯಿದೆ ಪ್ರಕಾರ 45 ದಿನದೊಳಗೆ ಹಣ ಬರಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಕಾಯಿದೆ ಗಟ್ಟಿಯಾಗಿಯೇ ಇದೆ, ಆದರೆ ಇದ್ದ ಒಬ್ಬನೇ ಗಿರಾಕಿಯ ಮೇಲೆ ದೂರು ಕೊಡುವ ಧೈರ್ಯ ಯಾರಿಗಿದೆ? ಅದಕ್ಕಿಂತ ಬಿಲ್ ಮೇಲೆ ಮುಂಚೆಯೇ ಹಣ ಕೊಡಿಸುವ ಆನ್‌ಲೈನ್ ವೇದಿಕೆ ಟ್ರೆಡ್ಸ್ ಬಳಸಿ. ಕೇಂದ್ರದ ಸಾರ್ವಜನಿಕ ಉದ್ದಿಮೆಗಳು, 250 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಅದರಲ್ಲಿ ಸೇರಬೇಕೆಂಬ ನಿಯಮ ಈಗ ಇದೆ. ಅವರು ಬಿಲ್ ಒಪ್ಪಿದರೆ ಬ್ಯಾಂಕ್ ನಿಮಗೆ ಮುಂಚೆಯೇ ಹಣ ಕೊಡುತ್ತದೆ, ಅವರ ಗಡುವು ಅವರಿಗಿರಲಿ. ಡೀಲರ್‌ಗಳಲ್ಲಿ ಈ ಸೌಲಭ್ಯ ಸಿಗುವುದು ಅಪರೂಪ. ಅವರಿಗೆ ಮೊದಲ ಸೆಟ್‌ಗಳು ಪೂರ್ತಿ ಮುಂಗಡ, ಬದಲಿ ಸೆಟ್‌ಗೆ ಡಿಪಾಸಿಟ್, ಉದ್ರಿ ಏನಿದ್ದರೂ ಎರಡನೇ ವರ್ಷದಿಂದ.